ಒಂದು ಅಕ್ಷರಕ್ಕೆ ಎಷ್ಟು ಬೈಟು?



ಈ ಭಾಷಣವನ್ನು ಓದಲು ಕೂರುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲು ಪಕ್ಕದಲ್ಲಿ ಇಟ್ಟುಕೊಳ್ಳಿ. ನಡುನಡುವೆ ಲೆಕ್ಕ ಮಾಡುವುದಿದೆ. ಹೆದರಬೇಕಾಗಿಲ್ಲ, ಗುಣಾಕಾರ, ಭಾಗಾಕಾರ ಬಿಟ್ಟರೆ ಬೇರೆ ಗಣಿತ ಇದರಲ್ಲಿ ಇಲ್ಲ.

ಮೊದಲು ಒಂದು ಸಣ್ಣ ಘಟನೆಯನ್ನು ಹೇಳುತ್ತೇನೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಅವರು ಓದಿದ್ದು ಕನ್ನಡ ನಾಲ್ಕನೆಯ ತರಗತಿಯವರೆಗೆ, ಇಂಗ್ಲಿಷ್ ಬಾರದು. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ಬಂದ ಮುದ್ರಿತ ಚೀಟಿಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನೋಡಿ ಮೇಷ್ಟ್ರೇ, ನನ್ನ ಹೆಸರಿನ ಬಾಲವನ್ನು ಯಾರೋ ಕತ್ತರಿಸಿಬಿಟ್ಟಿದ್ದಾರೆ" ಎಂದರು. ನೋಡಿದರೆ ನಿಜ. ಹೆಸರಿನ ಮೊದಲ ಭಾಗವಿದೆ; ಕೊನೆಯ ಭಾಗವಿಲ್ಲ. ಇದ್ದ ಭಾಗವೂ ಅರ್ಧಾಕ್ಷರದಲ್ಲಿ ನಿಂತಿದೆ. ಇನ್ನೊಂದು ದಾಖಲೆಯಲ್ಲಿ ಪೂರ್ಣ ಹೆಸರಿದ್ದುದರಿಂದ ಎರಡೂ ತಾಳೆಯಾಗದೆ ಅವರ ಅರ್ಜಿ ಹಿಂದಕ್ಕೆ ಬಂದಿತ್ತು. ಕಚೇರಿಯಲ್ಲಿ ಕೇಳಿದ್ದಕ್ಕೆ, "ಏನು ಮಾಡುವುದಮ್ಮಾ, ಕಂಪ್ಯೂಟರಿನಲ್ಲಿ ಅಷ್ಟೇ ಹಿಡಿಸುವುದು" ಎಂದು ಹೇಳಿ ಕಳಿಸಿದ್ದರಂತೆ.

ಕಂಪ್ಯೂಟರಿನಲ್ಲಿ ಅಷ್ಟೇ ಹಿಡಿಸುವುದೇ? ಒಂದಿಡೀ ಗ್ರಂಥಾಲಯವನ್ನು ಬೆರಳು ಗಾತ್ರದ ಪೆನ್ ಡ್ರೈವಿನಲ್ಲಿ ತುಂಬಿಸಿ ಜೇಬಿಗೆ ಹಾಕಿಕೊಳ್ಳುವ ಕಾಲದಲ್ಲಿ ಒಬ್ಬ ಹೆಂಗಸಿನ ಹೆಸರು ಹಿಡಿಸುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ನಮ್ಮ ಕೆಲಸ. ಅದಕ್ಕೆ ಮೊದಲು ಬೈಟಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ತಿಳಿಯಬೇಕು.

ಪಾತ್ರೆ ಬೇರೆ, ಧಾನ್ಯ ಬೇರೆ

ನಮ್ಮ ಹಿರಿಯರು ಧಾನ್ಯವನ್ನು ಸೇರು, ಪಾವು, ಚಟಾಕುಗಳಲ್ಲಿ ಅಳೆಯುತ್ತಿದ್ದರು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಸೇರು ಒಂದು ಪಾತ್ರೆ. ಅದರಲ್ಲಿ ಅಕ್ಕಿಯನ್ನೂ ಅಳೆಯಬಹುದು, ಅವಲಕ್ಕಿಯನ್ನೂ ಅಳೆಯಬಹುದು. ಆದರೆ ಒಂದು ಸೇರು ಅಕ್ಕಿಯ ಕಾಳುಗಳನ್ನು ಎಣಿಸಿ, ಒಂದು ಸೇರು ಅವಲಕ್ಕಿಯಲ್ಲಿಯೂ ಅಷ್ಟೇ ಇರಬೇಕೆಂದು ಯಾರಾದರೂ ವಾದಿಸಿದರೆ ನೀವು ನಗುತ್ತೀರಿ. ಬೈಟು, ಕಿಲೋಬೈಟು, ಮೆಗಾಬೈಟುಗಳೂ ಹೀಗೆಯೇ ಪಾತ್ರೆಗಳು. ಅದರಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂಬುದು ಯಾವ ಅಕ್ಷರ, ಅದನ್ನು ಯಾವ ಪದ್ಧತಿಯಲ್ಲಿ ಬರೆದಿದ್ದೇವೆ ಎಂಬುದನ್ನು ಅವಲಂಬಿಸಿದೆ.

ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಂಕಿ: ಸೊನ್ನೆ ಮತ್ತು ಒಂದು. ಇಂಥ ಒಂದು ಅಂಕಿಯ ಜಾಗಕ್ಕೆ ಬಿಟ್ ಎಂದು ಹೆಸರು. 1948ರಲ್ಲಿ ಕ್ಲಾಡ್ ಶಾನನ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಪದವನ್ನು ಬಳಸಿ, ಅದನ್ನು ಸೂಚಿಸಿದವರು ಜಾನ್ ಟೂಕಿ ಎಂದು ಹೇಳಿದ್ದಾರೆ. ಬೈಟ್ ಎಂಬ ಪದವನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಖೋಲ್ಟ್ಸ್ ಹುಟ್ಟಿಸಿದರು. ಆಗ ಅದರ ಅಳತೆ ನಿಶ್ಚಿತವಾಗಿರಲಿಲ್ಲ. 1964ರಲ್ಲಿ ಬಂದ ಐಬಿಎಂ ಸಿಸ್ಟಂ 360 ಯಂತ್ರಗಳ ನಂತರ ಎಂಟು ಬಿಟ್ಟಿಗೆ ಒಂದು ಬೈಟ್ ಎಂಬುದು ರೂಢಿಯಾಯಿತು.

ಎಂಟು ಬಿಟ್ಟುಗಳಿಂದ ಎಷ್ಟು ಬೇರೆ ಬೇರೆ ಗುರುತುಗಳನ್ನು ಮಾಡಬಹುದು? ಎರಡನ್ನು ಎಂಟು ಸಲ ಗುಣಿಸಿ ನೋಡಿ: 256. ಅಂದರೆ ಒಂದು ಬೈಟಿನಲ್ಲಿ 0ರಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಬರೆಯಬಹುದು. ಅಕ್ಷರವನ್ನಲ್ಲ, ಸಂಖ್ಯೆಯನ್ನು. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂಬುದು ಮನುಷ್ಯರು ಕುಳಿತು ಮಾಡಿಕೊಂಡ ಒಪ್ಪಂದ.

ಇಂಗ್ಲಿಷಿನವರ ಸುಲಭ ಲೆಕ್ಕ

ಇಂಗ್ಲಿಷಿಗೆ ಈ ಒಪ್ಪಂದ 1963ರಲ್ಲಿ ಅಮೆರಿಕದಲ್ಲಿ ಆಯಿತು. ಅದರ ಹೆಸರು ಆಸ್ಕಿ. ಏಳು ಬಿಟ್ಟುಗಳ ಈ ಪದ್ಧತಿಯಲ್ಲಿ 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣ ಅಕ್ಷರ 26, ಅಂಕಿ 10, ಮೇಲೆ ವಿರಾಮ ಚಿಹ್ನೆಗಳು, ಯಂತ್ರಕ್ಕೆ ಬೇಕಾದ ಕೆಲವು ಗುಪ್ತ ಸೂಚನೆಗಳು. ಎಲ್ಲವೂ ಹಿಡಿಸಿದವು. ಒಂದು ಅಕ್ಷರಕ್ಕೆ ಒಂದು ಸಂಖ್ಯೆ, ಒಂದು ಸಂಖ್ಯೆಗೆ ಒಂದು ಬೈಟು. ನೂರು ಅಕ್ಷರ ಬರೆದರೆ ನೂರು ಬೈಟು. ಸಾವಿರ ಬರೆದರೆ ಸಾವಿರ ಬೈಟು. ಪದಗಳ ನಡುವೆ ಬಿಡುವ ಖಾಲಿ ಜಾಗಕ್ಕೂ ಒಂದು ಬೈಟು.

ಈ ಸರಳತೆಯಿಂದಲೇ ಒಂದು ತಪ್ಪು ಕಲ್ಪನೆಯೂ ಹುಟ್ಟಿತು. ಬೈಟ್ ಎಂದರೇನು ಎಂದು ಕೇಳಿದರೆ "ಒಂದು ಅಕ್ಷರ" ಎಂದು ಹೇಳುವ ಪಠ್ಯಪುಸ್ತಕಗಳನ್ನು ನಾವೆಲ್ಲ ಓದಿದ್ದೇವೆ. ಮೇಷ್ಟರಾಗಿ ನಾನೂ ಹಾಗೆಯೇ ಪಾಠ ಹೇಳಿದ್ದೇನೆ. ಇಂಗ್ಲಿಷಿಗೆ ಅದು ಸಲ್ಲುತ್ತದೆ, ಕನ್ನಡಕ್ಕೆ ಸಲ್ಲುವುದಿಲ್ಲ.

ಕನ್ನಡವನ್ನು ಎಣಿಸುವುದು ಹೇಗೆ?

ನಿಮ್ಮ ಹಾಳೆಯ ಮೇಲೆ 'ಕನ್ನಡ' ಎಂದು ಬರೆಯಿರಿ. ಇದರಲ್ಲಿ ಎಷ್ಟು ಅಕ್ಷರ? ಮೂರು ಎನ್ನುತ್ತೀರಿ: ಕ, ನ್ನ, ಡ. ಛಂದಸ್ಸು ಓದಿದವರು ಪ್ರಸ್ತಾರ ಹಾಕಿ, ಮಾತ್ರೆ ನಾಲ್ಕು ಎನ್ನುತ್ತಾರೆ; ಒತ್ತಕ್ಷರದ ಹಿಂದಿನ 'ಕ' ಗುರುವಾಗುತ್ತದೆ, ಉಳಿದೆರಡು ಲಘು. ಒಂದೇ ಪದ, ಎರಡು ಎಣಿಕೆ, ಎರಡೂ ಸರಿ. ಉತ್ಪಲಮಾಲೆಯ ಸಾಲನ್ನು ಅಕ್ಷರ ಎಣಿಸಿ 20 ಎನ್ನುತ್ತೇವೆ. ಕಂದಪದ್ಯವನ್ನು ಮಾತ್ರೆ ಎಣಿಸಿ 64 ಎನ್ನುತ್ತೇವೆ. ಏನನ್ನು ಎಣಿಸುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಬೇಕೆಂಬ ವಿವೇಕ ಕನ್ನಡಿಗರಿಗೆ ಹೊಸದಲ್ಲ.

ಕಂಪ್ಯೂಟರು ಮೂರನೆಯ ಬಗೆಯಲ್ಲಿ ಎಣಿಸುತ್ತದೆ. ಏಕೆ ಎಂದು ಕೇಳಿ. ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರ, 2 ಯೋಗವಾಹ, 34 ವ್ಯಂಜನ. ಆದರೆ ಬರೆಯುವಾಗ ಅವು ಕೂಡಿಕೊಳ್ಳುತ್ತವೆ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ ಕಾಗುಣಿತ 442. ಪ್ರತಿ ವ್ಯಂಜನಕ್ಕೂ 34 ಒತ್ತುಗಳು ಸೇರಬಹುದೆಂದರೆ 1,156 ಜೋಡಿಗಳು. ಅವುಗಳಿಗೆ ಮತ್ತೆ 13 ಸ್ವರ ಸೇರಿದರೆ 15,028. ಇವೆಲ್ಲ ಬಳಕೆಯಲ್ಲಿ ಇಲ್ಲ, ನಿಜ. ಆದರೂ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುವುದು ಜಾಣತನವಲ್ಲ. ಹಳೆಯ ಮುದ್ರಣಾಲಯದ ಮೊಳೆ ಜೋಡಿಸುವವರು ಅಕ್ಷರವನ್ನೂ ಒತ್ತನ್ನೂ ಬೇರೆ ಬೇರೆ ಮನೆಯಿಂದ ಎತ್ತಿ ಜೋಡಿಸುತ್ತಿದ್ದಂತೆ, ಕಂಪ್ಯೂಟರಿನಲ್ಲಿಯೂ ಮೂಲ ಘಟಕಗಳಿಗೆ ಮಾತ್ರ ಸಂಖ್ಯೆ ಕೊಟ್ಟು, ಉಳಿದದ್ದನ್ನು ಜೋಡಿಸಿಕೊಳ್ಳುವ ಏರ್ಪಾಟು ಮಾಡಿದರು. ಇಂಥ ಒಂದೊಂದು ಘಟಕವನ್ನು ಈ ಭಾಷಣದಲ್ಲಿ 'ಸಂಕೇತ' ಎಂದು ಕರೆಯೋಣ.

ಈಗ 'ಕನ್ನಡ' ಪದವನ್ನು ಬಿಡಿಸಿ. ಕ ಒಂದು. ನ ಎರಡು. ವ್ಯಂಜನದ ಅಕಾರವನ್ನು ಕಳೆಯುವ ಅರ್ಧಾಕ್ಷರದ ಚಿಹ್ನೆ ಮೂರು. ಮತ್ತೊಂದು ನ ನಾಲ್ಕು. ಡ ಐದು. ಒತ್ತು ಎಂಬುದು ಪ್ರತ್ಯೇಕ ಸಂಕೇತವಲ್ಲ. ಅರ್ಧಾಕ್ಷರದ ಚಿಹ್ನೆ, ಅದರ ಮುಂದಿನ ವ್ಯಂಜನ, ಇವೆರಡೂ ಸೇರಿದಾಗ ಪರದೆಯ ಮೇಲೆ ಮೂಡುವ ರೂಪ. ಹೀಗೆ ಅಕ್ಷರ ಮೂರು, ಮಾತ್ರೆ ನಾಲ್ಕು, ಸಂಕೇತ ಐದು.

ಇನ್ನು ಈ ಐದು ಸಂಕೇತಕ್ಕೆ ಎಷ್ಟು ಬೈಟು ಎಂಬ ಪ್ರಶ್ನೆ. ಇದಕ್ಕೆ ಒಂದಲ್ಲ, ನಾಲ್ಕು ಉತ್ತರಗಳಿವೆ.

ಒಂದೇ ಪದ, ನಾಲ್ಕು ತೂಕ

1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಸ್ಕಿ ಎಂಬ ಪದ್ಧತಿಯನ್ನು ಪ್ರಕಟಿಸಿತು. ಒಂದು ಬೈಟಿನ 256 ಸ್ಥಾನಗಳಲ್ಲಿ ಮೊದಲ 128 ಇಂಗ್ಲಿಷಿಗೆ, ಉಳಿದ 128 ಭಾರತೀಯ ಲಿಪಿಗಳಿಗೆ. ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳೆಲ್ಲ ಅಕ್ಕತಂಗಿಯರಂತೆ ಒಂದೇ ಕ್ರಮದಲ್ಲಿ ಇರುವುದರಿಂದ ಎಲ್ಲಕ್ಕೂ ಒಂದೇ ಕೋಷ್ಟಕ ಸಾಕಾಯಿತು. ಇದರಲ್ಲಿ ಒಂದು ಸಂಕೇತಕ್ಕೆ ಒಂದು ಬೈಟು. 'ಕನ್ನಡ' ಎಂಬುದಕ್ಕೆ 5 ಬೈಟು.

ಎರಡನೆಯದು ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ಬಹುಕಾಲ ನಡೆದ ಪದ್ಧತಿ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ರೂಪದಲ್ಲಿ ಬೈಟು ಸೂಚಿಸುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಚೂರನ್ನು. 'ಕ' ಬರೆಯಲು ಅದರ ಮೈಗೆ ಒಂದು, ತಲೆಕಟ್ಟಿಗೆ ಒಂದು, ಹೀಗೆ ಎರಡು ಬೈಟು. ನಡುವಣ 'ನ್ನ' ಬರೆಯಲು ಮೈ, ತಲೆಕಟ್ಟು, ಒತ್ತು, ಮೂರು. 'ಡ' ಎರಡು. ಒಟ್ಟು 7 ಬೈಟು. ಆ ಅಕ್ಷರವಿನ್ಯಾಸ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಮೇಲೆ ಟೋಪಿ, ಗೆರೆ, ಚುಕ್ಕೆ ಇಟ್ಟ ಏನೇನೋ ಕಾಣುತ್ತದಲ್ಲವೇ? ಅದು ಈ ಚೂರುಗಳ ಸಂಖ್ಯೆಯನ್ನು ಯಂತ್ರ ಬೇರೆ ಕೋಷ್ಟಕದಲ್ಲಿ ನೋಡಿ ಓದುತ್ತಿರುವುದರ ಫಲ. ಬೈಟುಗಳು ಕೆಟ್ಟಿಲ್ಲ, ಒಪ್ಪಂದ ತಪ್ಪಿದೆ, ಅಷ್ಟೆ.

ಮೂರನೆಯದು ಮತ್ತು ನಾಲ್ಕನೆಯದು ಯೂನಿಕೋಡಿಗೆ ಸೇರಿದವು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ದೊಡ್ಡ ಕೋಷ್ಟಕ ಎಂಬ ಈ ಒಪ್ಪಂದದ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂತು. ಕನ್ನಡ ಅದರಲ್ಲಿಯೇ ಇತ್ತು. ಇಸ್ಕಿಯ ಏರ್ಪಾಟನ್ನು ಅನುಸರಿಸಿ ಕನ್ನಡಕ್ಕೆ ಅಲ್ಲಿ 128 ಮನೆಗಳ ಒಂದು ಬೀದಿಯನ್ನು ಮೀಸಲಿಟ್ಟರು. ಈ ಸಂಖ್ಯೆಗಳನ್ನು ಬೈಟಿನಲ್ಲಿ ಬರೆಯುವ ರೀತಿಗಳು ಮುಖ್ಯವಾಗಿ ಎರಡು. ಯುಟಿಎಫ್-16 ಎಂಬ ರೀತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಎರಡು ಬೈಟು, 'ಕನ್ನಡ'ಕ್ಕೆ 10. ಯುಟಿಎಫ್-8 ಎಂಬ ರೀತಿಯಲ್ಲಿ ಒಂದು ಸಂಕೇತಕ್ಕೆ ಮೂರು ಬೈಟು, 'ಕನ್ನಡ'ಕ್ಕೆ 15. ಇಂದು ಅಂತರಜಾಲದಲ್ಲಿ, ಫೋನುಗಳಲ್ಲಿ ಹೆಚ್ಚಾಗಿ ನಡೆಯುವುದು ಈ ಕೊನೆಯದೇ. ಇದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು ಅಕ್ಷರ, ಏಳೇ ಬೈಟು.

ಇದು ಅನ್ಯಾಯವಲ್ಲವೇ ಎಂದು ನಿಮಗೆ ಅನ್ನಿಸಬಹುದು. ಯುಟಿಎಫ್-8ನ್ನು 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ಊಟದ ಮೇಜಿನ ಮೇಲೆ ಹಾಸಿದ್ದ ಕಾಗದದಲ್ಲಿ ಅದರ ಮೊದಲ ನಕಾಶೆ ಮೂಡಿತು. ಆಗಾಗಲೇ ಇದ್ದ ಇಂಗ್ಲಿಷ್ ಕಡತಗಳು ಒಂದೂ ಕೆಡಬಾರದು ಎಂಬುದು ಅವರ ಗುರಿಗಳಲ್ಲಿ ಮುಖ್ಯವಾದದ್ದು. ಆದ್ದರಿಂದ ಆಸ್ಕಿಯ 128 ಗುರುತುಗಳಿಗೆ ಹಳೆಯಂತೆ ಒಂದೇ ಬೈಟು. ಕೋಷ್ಟಕದಲ್ಲಿ ಮುಂದೆ ಹೋದಂತೆಲ್ಲ ಎರಡು, ಮೂರು, ನಾಲ್ಕು ಬೈಟು. ಕನ್ನಡದ ಬೀದಿ ಮೂರು ಬೈಟಿನ ಬಡಾವಣೆಯಲ್ಲಿ ಬಿತ್ತು. ಹಿಂದಿಯ ದೇವನಾಗರಿ, ತಮಿಳು, ತೆಲುಗು, ಮಲಯಾಳಂ ಎಲ್ಲವೂ ಅದೇ ಬಡಾವಣೆಯವು.

ಆ ಮೂರು ಬೈಟಿನಲ್ಲಿ ಏನಿದೆ ಎಂದು ನೋಡುವುದು ಸ್ವಾರಸ್ಯಕರ. 'ಕ' ಎಂಬ ಸಂಕೇತದ ಮೂರು ಬೈಟುಗಳು 224, 178, 149. ಕನ್ನಡದ ಯಾವ ಸಂಕೇತವನ್ನು ತೆಗೆದುಕೊಂಡರೂ ಮೊದಲ ಬೈಟು 224. ಎರಡನೆಯದು 178, ಇಲ್ಲವೇ 179. ಇದು ಕಾಗದದ ಮೇಲೆ ವಿಳಾಸ ಬರೆದಂತೆ. ರಾಜ್ಯ ಕರ್ನಾಟಕ, ಊರು ಇಂಥದು, ಕೊನೆಗೆ ಮನೆ ನಂಬರು. ಪಕ್ಕದ ಮನೆಗೆ ಕಾಗದ ಹಾಕುವಾಗಲೂ ರಾಜ್ಯ, ಊರುಗಳನ್ನು ಪೂರ್ತಿ ಬರೆಯಬೇಕಾದ ಪದ್ಧತಿ ಇದು. ಹೀಗೆ ಒಂದೇ ಮಾತು ಮತ್ತೆ ಮತ್ತೆ ಬರುವುದರಿಂದಲೇ ಕನ್ನಡದ ಕಡತವನ್ನು ಜಿಪ್ ಮಾಡಿದರೆ ಅದು ಚೆನ್ನಾಗಿ ಕುಗ್ಗುತ್ತದೆ. ಸಂಕುಚನ ತಂತ್ರಾಂಶ ಪುನರುಕ್ತಿಯನ್ನು ಹಿಂಡಿ ತೆಗೆಯುತ್ತದೆ.

ಕಣ್ಣಿಗೆ ಕಾಣದ ಸಂಕೇತಗಳು

ಎಣಿಸುವಾಗ ಎರಡು ಎಚ್ಚರಿಕೆ ಬೇಕು. 'ಸಾಫ್ಟ್‌ವೇರ್' ಎಂಬ ಪದವನ್ನು ಟೈಪು ಮಾಡುವಾಗ ನಡುವಿನ 'ಟ್' ಮತ್ತು 'ವೇ' ಬೆಸೆದು 'ವ' ಒತ್ತಾಗದಂತೆ ತಡೆಯಲು ಒಂದು ಗುಪ್ತ ಸಂಕೇತ ಹಾಕುತ್ತೇವೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಆದರೆ ಅದಕ್ಕೂ ಮೂರು ಬೈಟು. ಕಾಣುವ ಸಂಕೇತ ಹತ್ತು, ಕಾಣದ್ದು ಒಂದು, ಒಟ್ಟು 33 ಬೈಟು.

ಎರಡನೆಯದಾಗಿ, 'ಕೋ' ಎಂಬ ಅಕ್ಷರವನ್ನು ಕಕಾರಕ್ಕೆ ಒಂದೇ ಓತ್ವದ ಚಿಹ್ನೆ ಸೇರಿಸಿ ಬರೆಯಬಹುದು. ಆಗ ಎರಡು ಸಂಕೇತ, ಆರು ಬೈಟು. ಅದನ್ನೇ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಆಗ ನಾಲ್ಕು ಸಂಕೇತ, ಹನ್ನೆರಡು ಬೈಟು. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದೆ ಹೋಲಿಸುವ ಯಂತ್ರ, ಇವು ಬೇರೆ ಬೇರೆ ಎಂದು ತೀರ್ಪು ಕೊಡುತ್ತದೆ. ದಾಖಲೆಗಳು ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣವಾಗಬಹುದು.

ನಾಲ್ಕು ಪದಕ್ಕೆ ನೂರು ಬೈಟು

ಈಗ ಪೆನ್ಸಿಲು ಕೈಗೆ ತೆಗೆದುಕೊಳ್ಳಿ. ಸಾಧಾರಣ ಕನ್ನಡ ಬರಹದಲ್ಲಿ ಒಂದು ಪದಕ್ಕೆ ಎಂಟು ಸಂಕೇತ ಎಂದು ಇಟ್ಟುಕೊಳ್ಳೋಣ. ಎಂಟು ಮೂರಲ 24 ಬೈಟು. ಪದದ ಮುಂದಿನ ಖಾಲಿ ಜಾಗಕ್ಕೆ ಒಂದು. ಅಲ್ಲಿಗೆ ಪದಕ್ಕೆ 25 ಬೈಟು. ನಾಲ್ಕು ಪದಕ್ಕೆ ನೂರು ಬೈಟು. ಈ ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಿ. ಇದು ಅಂದಾಜು, ಬರಹಗಾರನ ಶೈಲಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ.

'ಸಂಕ್ರಾಂತಿ ಹಬ್ಬದ ಹಾರ್ದಿಕ ಶುಭಾಶಯಗಳು.' ಕೊನೆಯ ಚುಕ್ಕೆ ಬಿಟ್ಟು ಎಣಿಸಿ. ನಾಲ್ಕು ಪದ. ಸಂಕೇತಗಳು ಕ್ರಮವಾಗಿ 9, 5, 7, 9, ಒಟ್ಟು 30. ಮೂರರಿಂದ ಗುಣಿಸಿದರೆ 90. ನಡುವೆ ಮೂರು ಖಾಲಿ ಜಾಗ. ಒಟ್ಟು 93 ಬೈಟು. ಸೂತ್ರಕ್ಕೆ ಹತ್ತಿರವೇ ಬಂತು.

ನೋಟ್ ಪುಸ್ತಕದ ಒಂದು ಪುಟದಲ್ಲಿ 25 ಸಾಲು, ಸಾಲಿಗೆ 8 ಪದ ಎಂದರೆ 200 ಪದ, 5,000 ಬೈಟು. 200 ಪುಟಗಳ ಒಂದು ಪುಸ್ತಕಕ್ಕೆ 10 ಲಕ್ಷ ಬೈಟು, ಅಂದರೆ ಒಂದು ಮೆಗಾಬೈಟು. ನಮ್ಮ ಲಕ್ಷ, ಕೋಟಿಗಳಲ್ಲಿ ಹೇಳುವುದಾದರೆ ಮೆಗಾಬೈಟು 10 ಲಕ್ಷ, ಗಿಗಾಬೈಟು 100 ಕೋಟಿ, ಟೆರಾಬೈಟು ಒಂದು ಲಕ್ಷ ಕೋಟಿ.

ಹಿಂದುಮುಂದಾಗಿಯೂ ಲೆಕ್ಕ ಹಾಕಬಹುದು. ಯಾರೋ ಕಳಿಸಿದ ಕನ್ನಡ ಲೇಖನದ ಸಾದಾ ಪಠ್ಯದ ಕಡತ 60,000 ಬೈಟು ಇದೆ. 25ರಿಂದ ಭಾಗಿಸಿ: 2,400 ಪದ. ಸಂಪಾದಕರು ಕಡತ ತೆರೆಯುವ ಮೊದಲೇ ಲೇಖನದ ಉದ್ದ ತಿಳಿಯಬಹುದು. ಇದು ಸಾದಾ ಪಠ್ಯಕ್ಕೆ ಮಾತ್ರ ಎಂಬುದನ್ನು ಮರೆಯಬೇಡಿ. ಅದೇ ಪುಟದ ಫೋಟೋ ತೆಗೆದು ಕಳಿಸಿದರೆ ಅದು 30 ಲಕ್ಷ ಬೈಟು ಇರಬಹುದು. ಪಠ್ಯದ 600 ಪಟ್ಟು. ಅಷ್ಟಾದರೂ ಅದರಲ್ಲಿ ಒಂದು ಪದವನ್ನು ನೇರವಾಗಿ ಹುಡುಕಲಾಗದು, ಏಕೆಂದರೆ ಅದರಲ್ಲಿ ಇರುವುದು ಬಣ್ಣದ ಚುಕ್ಕೆಗಳು, ಸಂಕೇತಗಳಲ್ಲ.

ಸಾವಿರವೋ, ಸಾವಿರದ ಇಪ್ಪತ್ತನಾಲ್ಕೋ?

ಪಾತ್ರೆಯ ಅಳತೆಯಲ್ಲಿಯೂ ಒಂದು ಗೊಂದಲವಿದೆ. ಕಿಲೋ ಎಂದರೆ ಸಾವಿರ. ಆದರೆ ಕಂಪ್ಯೂಟರು ಎರಡರ ಲೆಕ್ಕದಲ್ಲಿ ನಡೆಯುವುದರಿಂದ, ಸಾವಿರಕ್ಕೆ ಸಮೀಪದ 1,024ನ್ನೇ ಕಿಲೋ ಎನ್ನುವ ರೂಢಿ ಬೆಳೆಯಿತು. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1,024ರ ಅಳತೆಗೆ ಕಿಬಿಬೈಟ್, ಮೆಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಹೆಸರು ಬಂತು, ರೂಢಿ ಹೋಗಲಿಲ್ಲ.

ನೀವು 32 ಗಿಗಾಬೈಟಿನ ಪೆನ್ ಡ್ರೈವ್ ತಂದು ಕಂಪ್ಯೂಟರಿಗೆ ಚುಚ್ಚಿದಾಗ 29.8 ಎಂದು ತೋರಿಸಿದರೆ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ತಯಾರಕರು 100 ಕೋಟಿಯ ಸೇರಿನಲ್ಲಿ ಅಳೆದಿದ್ದಾರೆ. ಕಂಪ್ಯೂಟರು 107 ಕೋಟಿ 37 ಲಕ್ಷದಷ್ಟು ದೊಡ್ಡ ಸೇರಿನಲ್ಲಿ ಅಳೆಯುತ್ತಿದೆ. ಧಾನ್ಯ ಅಷ್ಟೇ ಇದೆ.

ಹಳೆಯ ಫ್ಲಾಪಿಯದು ಇನ್ನೂ ತಮಾಷೆ. ಮೂರೂವರೆ ಅಂಗುಲದ ಆ ತಟ್ಟೆಗೆ ಎರಡು ಮುಖ, ಮುಖಕ್ಕೆ 80 ವೃತ್ತ, ವೃತ್ತಕ್ಕೆ 18 ಖಂಡ, ಖಂಡಕ್ಕೆ 512 ಬೈಟು. ಗುಣಿಸಿದರೆ 14,74,560. ಇದನ್ನು 1.44 ಮೆಗಾಬೈಟು ಎಂದು ಮಾರಿದರು. ಇಲ್ಲಿ ಮೆಗಾ ಎಂದರೆ 1,000ವನ್ನು 1,024ರಿಂದ ಗುಣಿಸಿದ್ದು; ಅತ್ತ ಶುದ್ಧವೂ ಅಲ್ಲ, ಇತ್ತ ರೂಢಿಯೂ ಅಲ್ಲ! ನಮ್ಮ ಲೆಕ್ಕದ ಕನ್ನಡ ಪುಟಗಳು ಅದರಲ್ಲಿ 294 ಹಿಡಿಸುತ್ತವೆ. 73,72,80,000 ಬೈಟಿನ ಒಂದು ಸಿ.ಡಿ.ಯಲ್ಲಿ ನಮ್ಮ 200 ಪುಟದ ಪುಸ್ತಕಗಳು 737. ಆ 32 ಗಿಗಾಬೈಟಿನ ಪೆನ್ ಡ್ರೈವಿನಲ್ಲಿ 32,000. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡಕ್ಕೆ ಜಾಗ ಹೆಚ್ಚು ಬೇಕು, ನಿಜ. ಆದರೆ 32,000 ಪುಸ್ತಕ ಓದಲು ಯಾರಿಗೆ ಆಯುಸ್ಸಿದೆ? ಪಾತ್ರೆ ದೊಡ್ಡದಾಗಿರುವಲ್ಲಿ ಕನ್ನಡಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಪುಟ್ಟ ಪಾತ್ರೆಗಳಲ್ಲಿ.

ಪುಟ್ಟ ಪಾತ್ರೆಗಳು

ಮೊಬೈಲಿನ ಎಸ್.ಎಂ.ಎಸ್. ಸಂದೇಶ ಅಂಥ ಒಂದು ಪಾತ್ರೆ. ಅದರ ಅಳತೆ 140 ಬೈಟು, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ಅದು ಏಳೇ ಬಿಟ್ ಕೊಡುತ್ತದೆ. ಆದ್ದರಿಂದ 160 ಅಕ್ಷರ ಹಿಡಿಸುತ್ತದೆ. ಕನ್ನಡ ಸಂಕೇತಕ್ಕೆ ಸಾಮಾನ್ಯವಾಗಿ 16 ಬಿಟ್. 70 ಸಂಕೇತಕ್ಕೆ ಪಾತ್ರೆ ತುಂಬಿತು. ಮೇಲಿನ ಸಂಕ್ರಾಂತಿಯ ಶುಭಾಶಯ ಖಾಲಿ ಜಾಗ ಸೇರಿ 33 ಸಂಕೇತ. ಅರ್ಧ ಸಂದೇಶ ಅಲ್ಲಿಗೇ ಮುಗಿಯಿತು. ಸಂದೇಶ ಉದ್ದವಾದರೆ ಅದನ್ನು ತುಂಡು ಮಾಡಿ ಕಳಿಸುತ್ತಾರೆ. ತುಂಡುಗಳನ್ನು ಜೋಡಿಸುವ ಸೂಚನೆಗೂ ಜಾಗ ಬೇಕಾಗುವುದರಿಂದ ಆಗ ಒಂದು ತುಂಡಿಗೆ ಕನ್ನಡದ 67 ಸಂಕೇತ ಮಾತ್ರ. ಪ್ರತಿ ತುಂಡಿಗೂ ಬೇರೆ ಲೆಕ್ಕ ಹಿಡಿಯುವಲ್ಲಿ ಕನ್ನಡದಲ್ಲಿ ಕಳಿಸುವವನ ಖರ್ಚು ಹೆಚ್ಚುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವ ಅಭ್ಯಾಸಕ್ಕೆ ಇದೂ ನೀರೆರೆಯಿತು.

ಇನ್ನೊಂದು ಪುಟ್ಟ ಪಾತ್ರೆ ಅರ್ಜಿಯ ಅಂಕಣ. ಇಲ್ಲಿಗೆ ನಮ್ಮ ಬೀದಿಯ ಆ ಹಿರಿಯರ ವಿಷಯಕ್ಕೆ ಬಂದೆವು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಷ್ಟೇ ಉದ್ದದ ಇನ್ನೊಂದು ಹೆಸರನ್ನು ನೋಡೋಣ. 'ವೆಂಕಟಲಕ್ಷ್ಮಮ್ಮ.' ಅಕ್ಷರ ಆರು. ಬಿಡಿಸಿದರೆ ಸಂಕೇತ 14. ಯುಟಿಎಫ್-8ರಲ್ಲಿ 42 ಬೈಟು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 17 ಬೈಟು.

ಅವರ ಜೊತೆ ನಾನೂ ಆ ಕಚೇರಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಯುವಕ ಸಿಟ್ಟಾಗದೆ ನಮ್ಮ ಮಾತು ಕೇಳಿ, ಹೆಸರಿನ ಅಂಕಣಕ್ಕೆ ಎಷ್ಟು ಜಾಗ ಇಟ್ಟಿದೆ ಎಂದು ತೆಗೆದು ನೋಡಿದ. 30 ಎಂದಿತ್ತು. ಮೂವತ್ತು ಏನು? ಅಕ್ಷರವೋ, ಸಂಕೇತವೋ, ಬೈಟೋ? ಅಂಕಣ ಮಾಡಿದವರಿಗೆ ಆ ಪ್ರಶ್ನೆಯೇ ಎದ್ದಿರಲಿಲ್ಲ. ಇಂಗ್ಲಿಷಿನಲ್ಲಿ ಮೂರೂ ಒಂದೇ ಆದ್ದರಿಂದ ಏಳುವ ಕಾರಣವೂ ಇರಲಿಲ್ಲ. ಆ ವ್ಯವಸ್ಥೆಯಲ್ಲಿ ಅದು 30 ಬೈಟು. ಅಂದರೆ ಕನ್ನಡದ ಹತ್ತು ಸಂಕೇತ. 'ವೆಂಕಟಲಕ್ಷ್ಮಮ್ಮ' ಅಲ್ಲಿ 'ವೆಂಕಟಲಕ್ಷ್' ಎಂದು ಅರ್ಧಾಕ್ಷರದಲ್ಲಿ ನಿಲ್ಲುತ್ತದೆ. 'ಶ್ರೀರಂಗಪಟ್ಟಣ' ಎಂಬ ಊರು 'ಶ್ರೀರಂಗಪಟ್' ಆಗುತ್ತದೆ. ಅಂಕಣ 32 ಬೈಟಿನದಾಗಿದ್ದರೆ ಹನ್ನೊಂದನೆಯ ಸಂಕೇತದ ಮೂರು ಬೈಟಿನಲ್ಲಿ ಎರಡು ಮಾತ್ರ ಒಳಗೆ ಹೋಗಿ, ಕೊನೆಯಲ್ಲಿ ಕಪ್ಪು ವಜ್ರಾಕೃತಿಯೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು. ಅಂಥ ಚಿಹ್ನೆಯನ್ನು ನೀವು ಎಲ್ಲಿಯಾದರೂ ಕಂಡಿದ್ದರೆ, ಅಲ್ಲಿ ಬೈಟುಗಳು ಹೀಗೆ ತುಂಡಾಗಿರಬಹುದು, ಇಲ್ಲವೇ ಯಂತ್ರ ಅವನ್ನು ತಪ್ಪು ಪದ್ಧತಿಯಲ್ಲಿ ಓದುತ್ತಿರಬಹುದು.

"ಇಂಗ್ಲಿಷಿನಲ್ಲಿ ಹಾಕಿಕೊಡುತ್ತೇನೆ, ಪೂರ್ತಿ ಹಿಡಿಸುತ್ತದೆ" ಎಂದು ಪಕ್ಕದ ಮೇಜಿನವರು ಹೇಳಿದರು. ಸುಲಭದ ದಾರಿಯೇ. ಆದರೆ ನಮ್ಮ ಹಿರಿಯರು ಒಪ್ಪಲಿಲ್ಲ. "ನನ್ನ ಹೆಸರು ಸರಿಯಾಗಿದೆಯೋ ಇಲ್ಲವೋ ಅಂತ ನಾನು ಓದಿ ನೋಡೋದು ಬೇಡವೇನಪ್ಪಾ?" ಎಂದು ಕೇಳಿದರು. ಅಲ್ಲಿದ್ದ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಯುವಕ ಮೇಲಿನವರನ್ನು ಕೇಳಿ, ಒಪ್ಪಿಗೆ ಪಡೆದು, ಕೆಲವು ವಾರಗಳ ನಂತರ ಅಂಕಣವನ್ನು 120 ಬೈಟಿಗೆ ಹಿಗ್ಗಿಸಿದ. ನಲವತ್ತು ಸಂಕೇತ. ಹೊಸ ಚೀಟಿಯಲ್ಲಿ ಅವರ ಹೆಸರು ಬಾಲ ಸಮೇತ ಬಂತು.

ಇದಕ್ಕೆ ತಗಲಿದ ಜಾಗ ಎಷ್ಟು? ಒಬ್ಬರಿಗೆ 90 ಬೈಟು ಹೆಚ್ಚು. ಒಂದು ಲಕ್ಷ ಜನರಿಗೆ 90 ಲಕ್ಷ ಬೈಟು, ಅಂದರೆ 9 ಮೆಗಾಬೈಟು. ನಾವು ಹೇಳಿದ ಗಾತ್ರದ ಮೂರು ಫೋಟೋಗಳಷ್ಟು! 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅಷ್ಟೂ ಜನರ ಹೆಸರಿಗೆ 120 ಬೈಟಿನಂತೆ ಜಾಗ ಕೊಟ್ಟರೆ 733 ಕೋಟಿ ಬೈಟು. 8 ಗಿಗಾಬೈಟಿನ ಒಂದು ಪೆನ್ ಡ್ರೈವಿನಲ್ಲಿ 800 ಕೋಟಿ ಬೈಟುಗಳಿವೆ. ಇಡೀ ನಾಡಿನ ಹೆಸರುಗಳನ್ನು ಪೂರ್ತಿಯಾಗಿ, ಕನ್ನಡದಲ್ಲಿ, ಒತ್ತು ದೀರ್ಘ ಸಮೇತ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಆಮೇಲೂ ಸ್ವಲ್ಪ ಜಾಗ ಉಳಿಯುತ್ತದೆ.

ಆದ್ದರಿಂದ ಓದುಗರೇ, ಕಂಪ್ಯೂಟರಿನಲ್ಲಿ ಅಷ್ಟೇ ಹಿಡಿಸುವುದು ಎಂದು ಇನ್ನು ಯಾರಾದರೂ ಹೇಳಿದರೆ ಸುಮ್ಮನೆ ಹಿಂದಿರುಗಬೇಡಿ. ನಯವಾಗಿಯೇ ಒಂದು ಪ್ರಶ್ನೆ ಕೇಳಿ: "ಸ್ವಾಮಿ, ಅಷ್ಟೇ ಎಂದರೆ ಎಷ್ಟು? ಅಕ್ಷರದಲ್ಲಿ ಹೇಳುತ್ತೀರೋ, ಸಂಕೇತದಲ್ಲೋ, ಬೈಟಿನಲ್ಲೋ?" ನಿಮ್ಮ ಮನೆಯ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದರೆ ಈ ಪ್ರಶ್ನೆಯನ್ನು ಅವರಿಗೂ ಕಲಿಸಿ. ನಾಳೆ ಅಂಕಣಗಳನ್ನು ಮಾಡುವವರು ಅವರೇ.

ಕೊನೆಯದಾಗಿ ಒಂದು ಮನೆಗೆಲಸ. ಹಾಳೆಯ ಉಳಿದ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಊರಿನ ಹೆಸರು ಬರೆಯಿರಿ. ಅಕ್ಷರ ಎಣಿಸಿ, ಬಿಡಿಸಿ ಸಂಕೇತ ಎಣಿಸಿ, ಮೂರರಿಂದ ಗುಣಿಸಿ. 30 ಬೈಟಿನ ಅಂಕಣದಲ್ಲಿ ನಿಮ್ಮ ಹೆಸರು ಎಲ್ಲಿ ತುಂಡಾಗುತ್ತದೆ ಎಂದು ಗೆರೆ ಎಳೆದು ನೋಡಿ. ತುಂಡಾಗದಿದ್ದರೆ ಸಂತೋಷ. ತುಂಡಾದರೆ, ಆ ಹಾಳೆಯನ್ನು ಎತ್ತಿಟ್ಟುಕೊಳ್ಳಿ. ಮುಂದಿನ ಸಲ ಅರ್ಜಿ ಕೊಡಲು ಹೋಗುವಾಗ ಜೊತೆಯಲ್ಲಿ ಇರಲಿ.